ಕಾರ್ಬೊರೇಟರ್ ಹೊಳೆಯಿತು, ಐಡ್ಲಿಂಗ್ ಬರಲಿಲ್ಲ

ತೀರ್ಥಹಳ್ಳಿ ಕಡೆ ಮಳೆಗಾಲ ಅಂದರೆ ಗೊತ್ತಲ್ಲ. ಜೂನ್‌ನಲ್ಲಿ ಕೊಟ್ಟಿಗೆ ಪಕ್ಕ ನಿಲ್ಲಿಸಿದ ಅಪ್ಪನ ಯಮಹಾ ಆರ್‌ಎಕ್ಸ್ 100 ಬೈಕನ್ನು ನಾನು ಮತ್ತೆ ಮುಟ್ಟಿದ್ದು ಸೆಪ್ಟೆಂಬರ್‌ನಲ್ಲಿ. ಚೋಕ್ ಹಾಕಿ ಏಳೆಂಟು ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತಿತ್ತು. ಚೋಕ್ ತೆಗೆದ ತಕ್ಷಣ ಬಂದ್. ಐಡ್ಲಿಂಗ್‌ಗೆ, ಅಂದರೆ ಆಕ್ಸಿಲರೇಟರ್ ಕೊಡದೆ ಎಂಜಿನ್ ಓಡುವುದಕ್ಕೆ, ಪೆಟ್ರೋಲ್ ಬಿಡುವ ಸಣ್ಣ ತೂತಿನ ಪೈಲಟ್ ಜೆಟ್ ಕಟ್ಟಿಕೊಂಡಿದೆ ಅಂತ ಆಗಲೇ ಅನಿಸಿತು.

ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ನೋಡಿದರೆ, ಅದರಡಿ ಪೆಟ್ರೋಲ್ ನಿಲ್ಲುವ ಬೌಲ್‌ನ ತಳದಲ್ಲಿ ಬಿಳಿ ಪುಡಿ, ಜೆಟ್ ಸುತ್ತ ಹಳದಿ ಅಂಟು. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮಲ್ಲಿ ತೇವಕ್ಕೇನು ಬರವೇ? ನಿಲ್ಲಿಸುವ ಮುಂಚೆ ಬೌಲ್ ಖಾಲಿ ಮಾಡಬೇಕಿತ್ತು. ಅದು ನನ್ನದೇ ತಪ್ಪು.

ಆನ್‌ಲೈನ್‌ನಲ್ಲಿ ತರಿಸಿದ್ದ 2 ಲೀಟರ್‌ನ ಅಲ್ಟ್ರಾಸಾನಿಕ್ ಕ್ಲೀನರ್ ಇತ್ತು. 40 ಕಿಲೋಹರ್ಟ್ಸ್, ಹೀಟರ್ ಇರುವಂಥದ್ದು. ಐಡ್ಲಿಂಗ್‌ನ ಗಾಳಿ ಹೊಂದಿಸುವ ಏರ್ ಸ್ಕ್ರೂ ಬಿಚ್ಚುವ ಮುಂಚೆ ಅದನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಸುತ್ತು ಎಣಿಸಿದೆ: ಒಂದೂವರೆ. ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಟ್ಟೆ. ಫ್ಲೋಟ್, ಫ್ಲೋಟ್ ಪಿನ್, ರಬ್ಬರ್ ರಿಂಗ್‌ಗಳು, ಗ್ಯಾಸ್ಕೆಟ್ ಎಲ್ಲ ಹೊರಗಿಟ್ಟೆ. ತೊಟ್ಟಿಗೆ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಚಮಚ, ಅಷ್ಟೇ. ಪೆಟ್ರೋಲ್ ಅಥವಾ ಥಿನ್ನರ್ ಹಾಕುವ ಯೋಚನೆಯನ್ನೂ ಮಾಡಬೇಡಿ. ಬಿಸಿಯಾಗಿ ಆವಿ ಎದ್ದರೆ ಮನೆಗೇ ಬೆಂಕಿ. ಕಾಸ್ಟಿಕ್ ಸೋಡಾನೂ ಬೇಡ, ಕಾರ್ಬೊರೇಟರ್‌ನ ಲೋಹವನ್ನೇ ತಿನ್ನುತ್ತದೆ.

55 ಡಿಗ್ರಿಗಿಟ್ಟು ಹತ್ತು ಹತ್ತು ನಿಮಿಷ ಮೂರು ಸಲ ಓಡಿಸಿದೆ. ಜೀರುಂಡೆ ಕೂಗಿದ ಹಾಗೆ ಸದ್ದು. ನೀರು ಕಾಫಿ ಬಣ್ಣಕ್ಕೆ ತಿರುಗಿತು. ಅಮ್ಮ ಇಣುಕಿ, "ನನ್ನ ಪಾತ್ರೇನೂ ಹಾಕಿ ಕೊಡು" ಅಂದಳು. ಹೊರಗೆ ತೆಗೆದಾಗ ಕಾರ್ಬೊರೇಟರ್ ಹೊಸದರ ಹಾಗಿತ್ತು. ಜೋಡಿಸಿ ಕಿಕ್ ಹೊಡೆದೆ. ಚೋಕ್ ತೆಗೆದೆ. ಬಂದ್!

ಅರ್ಧ ದಿನ ಜೆಟ್ ಬದಲಿಸಬೇಕೇನೋ ಅಂತ ತಲೆ ಕೆಡಿಸಿಕೊಂಡೆ. ಜೆಟ್ ಬೆಳಕಿಗೆ ಹಿಡಿದರೆ ತೂತು ಸರಿಯಾಗಿಯೇ ಕಾಣುತ್ತಿತ್ತು. ಮತ್ತೆ ಬಿಚ್ಚಿ, ಮೆಷಿನ್ ಆಫ್ ಇದ್ದಾಗಲೇ ಬಾಡಿಯನ್ನು ನೀರಿನೊಳಗೆ ಓರೆ ಮಾಡಿದೆ. ಪೈಲಟ್ ಜೆಟ್ ಕೂರುವ ಜಾಗದಿಂದ ಗುಳುಗುಳು ಅಂತ ಗುಳ್ಳೆ ಬಂತು. ಆಗ ಹೊಳೆಯಿತು. ಈ ಮೆಷಿನ್ ಕೆಲಸ ಮಾಡುವುದೇ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆ ಹುಟ್ಟಿಸಿ ಒಡೆಸುವುದರಿಂದ. ಆ ಸಂದಿಯಲ್ಲಿ ನೀರೇ ಇರಲಿಲ್ಲ, ಗಾಳಿ ಸಿಕ್ಕಿಕೊಂಡಿತ್ತು. ಅರ್ಧ ಗಂಟೆ ಹೊರಮೈ ಮಾತ್ರ ತೊಳೆದಿದ್ದೆ!

ಈ ಸಲ ಸೂಜಿ ಇಲ್ಲದ ಸಿರಿಂಜ್‌ನಿಂದ ಪ್ರತಿ ತೂತಿಗೂ ಸೋಪಿನ ನೀರು ತುಂಬಿದೆ. ಗುಳ್ಳೆ ನಿಲ್ಲುವವರೆಗೆ ಅತ್ತಿತ್ತ ತಿರುಗಿಸಿದೆ. ಹತ್ತು ನಿಮಿಷಕ್ಕೊಮ್ಮೆ ಮೆಷಿನ್ ನಿಲ್ಲಿಸಿ, ಮಗ್ಗುಲು ಬದಲಿಸಿ, ಮತ್ತೆ ಸಿರಿಂಜ್. ಕೊನೆಗೆ ಕನ್ನಡಕ ಹಾಕಿಕೊಂಡು ಪೈಲಟ್ ಜೆಟ್‌ನ ಜಾಗಕ್ಕೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದರೆ, ಆಕ್ಸಿಲರೇಟರ್ ತಿರುಗಿಸಿದರೆ ಮೇಲೇಳುವ ಸ್ಲೈಡ್‌ನ ಮುಂದೆ ಎಂಜಿನ್ ಕಡೆ ಇರುವ ಸಣ್ಣ ತೂತಿನಿಂದ ಚಿರ್ ಅಂತ ದಾರದಂತೆ ಚಿಮ್ಮಿತು. ಮೊದಲ ಸಲವೇ ಈ ಪರೀಕ್ಷೆ ಮಾಡಿದ್ದರೆ ಒಂದು ದಿನ ಉಳಿಯುತ್ತಿತ್ತು. ಕೆಲವರು ತಂತಿ ತೂರಿಸುತ್ತಾರೆ. ನಾನಂತೂ ಮಾಡಲ್ಲ, ಹಿತ್ತಾಳೆ ಜೆಟ್‌ನ ತೂತು ದೊಡ್ಡದಾದರೆ ಅದರ ಲೆಕ್ಕವೇ ತಪ್ಪುತ್ತದೆ.

ತೊಳೆದದ್ದಕ್ಕಿಂತ ಒಣಗಿಸುವುದೇ ಕಷ್ಟವಾಯಿತು. ಬಿಸಿಲು ಎಲ್ಲಿಂದ ತರೋದು? ಬಿಸಿನೀರಿನಲ್ಲಿ ಜಾಲಿಸಿ, ಸೈಕಲ್ ಪಂಪ್‌ನಿಂದ ಒಂದೊಂದೇ ತೂತಿಗೆ ಗಾಳಿ ಹೊಡೆದು, ರಾತ್ರಿಯಿಡೀ ಫ್ಯಾನ್ ಕೆಳಗಿಟ್ಟೆ.

ಬೆಳಿಗ್ಗೆ ಹೊಸ ಪೆಟ್ರೋಲ್ ಹಾಕಿ, ಏರ್ ಸ್ಕ್ರೂ ಒಂದೂವರೆ ಸುತ್ತಿಗಿಟ್ಟು ಕಿಕ್ ಹೊಡೆದೆ. ಎರಡನೇ ಕಿಕ್‌ಗೆ ಬಂತು. ಚೋಕ್ ತೆಗೆದರೂ ಬಂದ್ ಆಗಲಿಲ್ಲ. ಅಪ್ಪ ಜಗಲಿಯಿಂದಲೇ, "ಐಡ್ಲಿಂಗ್ ಜಾಸ್ತಿ ಇದೆ ಕಣೋ, ಇಳಿಸು" ಅಂದರು. ಐಡ್ಲಿಂಗ್ ಸ್ಕ್ರೂ ಕಾಲು ಸುತ್ತು ಬಿಚ್ಚಿದೆ.