ಹೂ ಕಟ್ಟುವ ಚಾವಡಿಯಲ್ಲಿ ಮಕ್ಕಳ ಮಾತು

ಹದಿಹರೆಯದ ಮಕ್ಕಳನ್ನು ಸಾಲಾಗಿ ಕೂರಿಸಿ "ಮನಸ್ಸಿನಲ್ಲಿ ಎಂತ ಉಂಟು ಹೇಳಿ" ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಉಡುಪಿ ಜಿಲ್ಲೆಯ ಶಂಕರಪುರದ ಕಡೆಯ ನಮ್ಮ ಊರಿನಲ್ಲಿ ಮಹಿಳಾ ಮಂಡಲದಿಂದ ಶಿಬಿರ ಮಾಡಿದಾಗಲೆಲ್ಲ ಇದೇ ಕಥೆ. ಬ್ಯಾನರ್, ಮೈಕು, ಬಂದ ಅತಿಥಿಗೊಂದು ಶಾಲು, ಮಕ್ಕಳಿಗೆ ಬನ್ಸು, ಚಾ. ಖಾಲಿಯಾಗುತ್ತಿದ್ದದ್ದು ಬನ್ಸು ಮಾತ್ರ.

ಅದೇ ಹುಡುಗಿಯರು ರಜೆಯ ದಿನ ಬೆಳಿಗ್ಗೆ ನಮ್ಮ ಚಾವಡಿಯಲ್ಲಿ ಮಲ್ಲಿಗೆ ಕಟ್ಟಲು ಕೂತರೆ ಬೇರೆಯೇ ಲೋಕ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವಿನ ಗಾಡಿ ಹೊರಡುವುದರೊಳಗೆ ಮುಗಿಸಬೇಕು. ಕಣ್ಣೆಲ್ಲ ಬಾಳೆನಾರಿನ ಮೇಲೆ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅಪ್ಪ ಗಲ್ಫಿನಿಂದ ಫೋನು ಮಾಡಿದಾಗೆಲ್ಲ ಮಾರ್ಕ್ಸ್ ಬಿಟ್ಟು ಬೇರೇನೂ ಕೇಳುವುದಿಲ್ಲ, ಕ್ಲಾಸಿನ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದರು, ರಾತ್ರಿ ನಿದ್ದೆ ಬರುವುದಿಲ್ಲ. ಇಂಥದ್ದೆಲ್ಲ ನಾನು ಕೇಳಿದ್ದು ಅಲ್ಲೇ. ಹುಡುಗರದ್ದು ವಾಲಿಬಾಲ್ ಅಂಗಳದಲ್ಲಿ, ಅಷ್ಟಮಿ ಹತ್ತಿರ ಬಂದಾಗ ಹುಲಿವೇಷದ ಅಭ್ಯಾಸದಲ್ಲಿ. ಅದು ನನ್ನ ಕಿವಿಗೆ ಬೀಳುವುದಿಲ್ಲ, ಯುವಕ ಮಂಡಲದವರ ಕಿವಿಗೆ ಬೀಳುತ್ತದೆ.

ಹಾಗಾಗಿ ಮಕ್ಕಳಿಗೆ ಭಾಷಣ ಮಾಡಿಸುವುದನ್ನು ಬಿಟ್ಟು ದೊಡ್ಡವರನ್ನು ತಯಾರು ಮಾಡಲು ಹೊರಟೆವು. ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದವರನ್ನು ಕರೆಸಿ, "ಈ ಸಲ ಕೇಳುವವರು ನಾವು" ಅಂದೆವು. ಆಶಾ ಕಾರ್ಯಕರ್ತೆ, ವಾಲಿಬಾಲ್ ಹೇಳಿಕೊಡುವವ, ಶಾಲೆಗೆ ಮಕ್ಕಳನ್ನು ಬಿಡುವ ರಿಕ್ಷಾದವರು, ಭಜನಾ ಮಂಡಳಿಯ ಹಿರಿಯರು, ನಾನು. ನನ್ನ ಪ್ರಕಾರ ಇವರಲ್ಲಿ ಎಲ್ಲರಿಗಿಂತ ಮುಖ್ಯ ರಿಕ್ಷಾದವರು. ಯಾವ ಮಗು ಮಾತು ನಿಲ್ಲಿಸಿದೆ, ಯಾವುದು ಶಾಲೆಯ ಗೇಟಿನ ಹತ್ತಿರ ಇಳಿಯಲು ಹಿಂದೇಟು ಹಾಕುತ್ತದೆ ಎಂಬುದು ಮನೆಯವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

ಅಲ್ಲಿ ಕಲಿತ ವಿಷಯಗಳಲ್ಲಿ ನಮಗೆ ಅತಿ ಕಷ್ಟವಾದದ್ದು ಬುದ್ಧಿ ಹೇಳದೆ ಕೂರುವುದು. "ನಮ್ಮ ಕಾಲದಲ್ಲಿ" ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದಲ್ಲ! ಎರಡನೆಯದು, ನೇರವಾಗಿ ಕೇಳುವುದು. ಆತ್ಮಹತ್ಯೆಯ ಮಾತೆತ್ತಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಹೆದರಿಕೆ ನಮ್ಮೆಲ್ಲರಲ್ಲೂ ಇತ್ತು. ಹಾಗೆ ಹುಟ್ಟುವುದಿಲ್ಲ, ಕೇಳಿದರೆ ಹೆಚ್ಚಿನವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ ಎಂದರು. ಈಗ ಸಂಶಯ ಬಂದರೆ "ಸಾಯಬೇಕು ಅಂತ ಅನಿಸುತ್ತದಾ ಮಗಾ?" ಎಂದೇ ಕೇಳುತ್ತೇನೆ. ಹೌದು ಅಂದರೆ ಆ ಮಗುವನ್ನು ಒಂಟಿಯಾಗಿ ಬಿಡುವುದಿಲ್ಲ, ಮನೆಯವರಿಗೆ ತಿಳಿಸುತ್ತೇವೆ, ಆಸ್ಪತ್ರೆಗೆ ಜತೆಗೇ ಹೋಗುತ್ತೇವೆ. ಮಲ್ಲಿಗೆ ಗಿಡಕ್ಕೆ ಹೊಡೆಯುವ ಮದ್ದಿನ ಬಾಟಲಿ ಇಲ್ಲಿ ಮನೆಮನೆಯ ಜಗಲಿಯಲ್ಲಿ ಇರುತ್ತದೆ. ಅದನ್ನು ಬೀಗ ಹಾಕಿ ಇಡಿ ಎಂದು ಈಗ ಎಲ್ಲ ಮನೆಯಲ್ಲೂ ಹೇಳುತ್ತೇವೆ, ಮಕ್ಕಳಿಗೆ ತೊಂದರೆ ಇರಲಿ, ಇಲ್ಲದಿರಲಿ.

"ಯಾರಿಗೂ ಹೇಳಬೇಡಿ ಟೀಚರ್" ಎಂದು ಮಕ್ಕಳು ಭಾಷೆ ಕೇಳುತ್ತಾರೆ. ಅದನ್ನು ಕೊಡುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ ಹೇಳಲೇಬೇಕು, ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಉಳಿದದ್ದೆಲ್ಲ ನನ್ನಲ್ಲೇ ಇರುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಅಷ್ಟು ಹೇಳಿದ ಮೇಲೂ ಅವರು ಮಾತಾಡುತ್ತಾರೆ.

ಆಸ್ಪತ್ರೆಗೆ ಹೊರಡಿಸುವುದೇ ದೊಡ್ಡ ಕೆಲಸ. ಮೊದಲು ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸೋಣ, ದೈವಕ್ಕೆ ಹೇಳಿಕೊಳ್ಳೋಣ ಎನ್ನುತ್ತಾರೆ. ನಾನು ಬೇಡ ಅನ್ನುವುದಿಲ್ಲ, ನಂಬಿಕೆಯಿಂದ ಮನೆಯವರಿಗೆ ಧೈರ್ಯ ಬರುತ್ತದೆ. ಎರಡು ವಾರವಾದರೂ ಊಟ, ನಿದ್ದೆ, ಆಟ ಯಾವುದೂ ಸರಿಹೋಗದಿದ್ದರೆ ಡಾಕ್ಟರನ್ನೂ ನೋಡುವ ಎನ್ನುತ್ತೇನೆ, ಅಷ್ಟೇ. ಅಪಾಯ ಕಂಡರೆ ಮಾತ್ರ ಎರಡು ವಾರದ ಲೆಕ್ಕವಿಲ್ಲ, ಅದೇ ದಿನ ಹೊರಡಬೇಕು. ಸರಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆಂದೇ ಸ್ನೇಹ ಕ್ಲಿನಿಕ್ ಇರುತ್ತದೆ. ಆ ಹೆಸರಿಗೆ ಮನೆಯವರು ಹೆದರುವುದಿಲ್ಲ. ನಡುರಾತ್ರಿಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಪೊಲೀಸ್ ಕೇಸಾಗುತ್ತದೆಂದು ಆತ್ಮಹತ್ಯೆ ಯತ್ನವನ್ನು ಮುಚ್ಚಿಡುವ ಮನೆಗಳಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಬಗ್ಗೆ ತಿಳಿಸುತ್ತೇವೆ. ಹಾಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾನೂನು ಭಾವಿಸುತ್ತದೆ, ಶಿಕ್ಷಿಸುವುದಿಲ್ಲ.

ವರ್ಷದ ಅತಿ ಮಂಡೆಬಿಸಿಯ ದಿನ ರಿಸಲ್ಟ್ ದಿನ. 2025ರ ಪಿಯುಸಿಯಲ್ಲಿ ಉಡುಪಿ ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಊರಿಗೆಲ್ಲ ಹೆಮ್ಮೆ. ಆದರೆ ಇಂಥ ಜಿಲ್ಲೆಯಲ್ಲಿ ಫೇಲಾದ ಮಗು ಮುಖ ಎಲ್ಲಿಟ್ಟುಕೊಳ್ಳಬೇಕು? ಆ ದಿನ ಯಾರ ಮನೆಯಲ್ಲಿ ದೊಡ್ಡವರಿರುವುದಿಲ್ಲ ಎಂದು ಮೊದಲೇ ತಿಳಿದುಕೊಂಡು ಅಲ್ಲಿಗೆ ಒಬ್ಬರು ಹೋಗಿರುತ್ತೇವೆ. ಮಾರ್ಕ್ಸ್ ಕೇಳುವುದಿಲ್ಲ. ಊಟವಾಯಿತಾ ಎಂದು ಕೇಳಿ ಪರೀಕ್ಷೆ-2ಕ್ಕೆ ಅರ್ಜಿ ಹಾಕುವ ವಿಚಾರ ಎತ್ತುತ್ತೇವೆ. 2024ರಿಂದ "ಪೂರಕ ಪರೀಕ್ಷೆ" ಎಂಬ ಹಣೆಪಟ್ಟಿಯೂ ಹೋಗಿದೆಯಲ್ಲ.

ಯುವಕ ಮಂಡಲದ ಪ್ರತಿಭಾ ಪುರಸ್ಕಾರವನ್ನು ಪರೀಕ್ಷೆ-2ರ ಫಲಿತಾಂಶದ ನಂತರಕ್ಕೆ ಹಾಕಿಸಲು ಮೀಟಿಂಗಿನಲ್ಲಿ ಜೋರು ಜಗಳವೇ ಆಯಿತು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 620 ತೆಗೆದವರ ಅಪ್ಪಂದಿರಿಗೆ ಈಗಲೂ ಅಸಮಾಧಾನ ಉಂಟು, ಫ್ಲೆಕ್ಸನ್ನು ಅವರೇ ಹಾಕಿಸಿಕೊಳ್ಳುತ್ತಾರೆ. ನಮಗೆ ದಾರಿ ಕಾಣದಿರುವುದು ಪಿಯುಸಿಗೆಂದು ಹಾಸ್ಟೆಲ್ ಸೇರಿದವರ ವಿಷಯದಲ್ಲಿ. ಊರಿಗೆ ಬರುವುದು ದಸರಾ ರಜೆಗೆ, ಆಗಲೂ ನೀಟ್ ಪುಸ್ತಕ ಹೊತ್ತುಕೊಂಡೇ. ಕೆಲವರು ಬೆಳಿಗ್ಗೆ ಚಾವಡಿಗೆ ಬರುತ್ತಾರೆ. ಬಾರದವರ ಮನೆಗೆ ಈ ರಜೆಯಲ್ಲಿ ನಾನೂ ಆಶಾ ಕಾರ್ಯಕರ್ತೆಯೂ ಹೋಗಿ ಬರುವುದೆಂದು ಮಾಡಿದ್ದೇವೆ.