ಟ್ರಿಮ್ಮರ್ ಮುಚ್ಚಿಟ್ಟಿದ್ದ ತಪ್ಪು

10 ಮೆಗಾಹರ್ಟ್ಸ್ ಆಸಿಲೇಟರ್ (ಕಂಪನ ಹುಟ್ಟಿಸುವ ಸರ್ಕ್ಯೂಟ್) ಸಿಕ್ಕಿಸಿದರೆ ನನ್ನ ಫ್ರೀಕ್ವೆನ್ಸಿ ಕೌಂಟರ್, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅಂತ ಎಣಿಸಿ ತೋರಿಸುವ ಪೆಟ್ಟಿಗೆ, ಈಗ 10000000 ತೋರಿಸ್ತದೆ. ಒಮ್ಮೊಮ್ಮೆ ಕೊನೆಗೆ ಒಂದು ಬರ್ತದೆ, ಒಮ್ಮೊಮ್ಮೆ ಏಳು ಒಂಬತ್ತು ಸಾಲಾಗಿ ಕೂರ್ತವೆ. ಅದಕ್ಕಿಂತ ಆಚೀಚೆ ಹೋಗುವುದಿಲ್ಲ. ಮೈಕ್ರೋಕಂಟ್ರೋಲರ್ ಇಲ್ಲ, ಪ್ರೋಗ್ರಾಂ ಇಲ್ಲ. ಬರೀ 4000 ಸರಣಿಯ ಐಸಿಗಳು (4026, 4060 ಇತ್ಯಾದಿ), ಒಂದು 74ಎಚ್‌ಸಿ390, ಒಂದು 74ಎಚ್‌ಸಿಟಿ14, ಮತ್ತೆ ಒಂದು ಜಿಪಿಎಸ್ ಮಾಡ್ಯೂಲ್. ಪುತ್ತೂರಿನ ನನ್ನ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯ ಶುರುವಿನಲ್ಲೇ ನಕ್ಕಿದ್ದ: "ಈ ಕಾಲದಲ್ಲಿ 4026 ಹಿಡ್ಕೊಂಡು ಎಂತ ಮಾಡ್ತೀ ಮಾರಾಯ? ಏಳ್ನೂರು ರೂಪಾಯಿಗೆ ರೆಡಿಮೇಡ್ ಮನೆಬಾಗಿಲಿಗೇ ಬರ್ತದೆ." ಬರ್ತದೆ, ಸರಿ. ಅದರೊಳಗೆ ಸಮಯ ಕೊಡುವ ಕ್ರಿಸ್ಟಲ್ ಎಷ್ಟು ಸರಿ ಅಂತ ಅಳೆಯುವುದಕ್ಕೆ ಯಾವುದು ಬರ್ತದೆ?

ನನಗೆ ಕೌಂಟರ್ ಬೇಕಾದದ್ದು 40 ಮೀಟರ್ ಬಿಟ್‌ಎಕ್ಸ್‌ಗೆ, ಅಂದರೆ ನನ್ನ ಹ್ಯಾಮ್ ರೇಡಿಯೋ ಸೆಟ್‌ಗೆ. ಬದಿಯಡ್ಕದ ನಮ್ಮ ಹಂಚಿನ ಮನೆಯಲ್ಲಿ ಮಧ್ಯಾಹ್ನ ಒಂದು ಸೆಕೆ, ರಾತ್ರಿ ಇನ್ನೊಂದು ಹವೆ. ವಿಎಫ್‌ಒ (ಫ್ರೀಕ್ವೆನ್ಸಿ ಬದಲಿಸಲು ತಿರುಗಿಸುವ ಆಸಿಲೇಟರ್) ಜಾರ್ತಾ ಇತ್ತು. ಬೆಳಗ್ಗೆ ಹ್ಯಾಮ್‌ಗಳೆಲ್ಲ ಸೇರಿ ಮಾತಾಡುವ ನೆಟ್‌ನಲ್ಲಿ ದಿನಾ ಯಾರಾದರೊಬ್ಬರು "ನೀವು ಮೇಲೆ ಹೋಗ್ತಾ ಇದ್ದೀರಿ" ಅನ್ನುವುದು ಕೇಳಿ ಕೇಳಿ ಸಾಕಾಗಿತ್ತು.

ಮೊದಲನೆಯ ಕೌಂಟರಿನಲ್ಲಿ ಟೈಮ್‌ಬೇಸ್‌ಗೆ, ಅಂದರೆ ಸಮಯ ಅಳೆದು ಕೊಡುವುದಕ್ಕೆ, 4060 ಮತ್ತು 32768 ಹರ್ಟ್ಸ್‌ನ ವಾಚ್ ಕ್ರಿಸ್ಟಲ್ ಹಾಕಿದೆ. 4060 ಅದನ್ನು ಹಂತಹಂತಕ್ಕೂ ಅರ್ಧ ಮಾಡ್ತದೆ: 14ನೇ ಹಂತದಲ್ಲಿ 2 ಹರ್ಟ್ಸ್, 4013ರ ಎರಡು ಫ್ಲಿಪ್‌ಫ್ಲಾಪ್ ದಾಟಿದರೆ ಒಂದು ಸೆಕೆಂಡಿನ ಗೇಟ್, ಅಂದರೆ ಎಣಿಕೆಗೆ ಬಾಗಿಲು ತೆರೆದಿರುವ ಹೊತ್ತು. ಬಲಗಡೆಯ ಎರಡು ಅಂಕೆಗೆ ಎಣಿಸುವ 390 ಮತ್ತು ಅಂಕೆ ಬೆಳಗಿಸುವ 4511, ಎಡಗಡೆಯ ಆರಕ್ಕೆ ಎರಡೂ ಕೆಲಸ ತಾನೇ ಮಾಡುವ 4026. ಬಟನ್ ಒತ್ತಿ ಒಂದೊಂದೇ ಪಲ್ಸ್ ಕೊಟ್ಟು ನೋಡಿದಾಗ 79 ಆದ ಮೇಲೆ 180 ಬಂತು! 199ರವರೆಗೆ ಹೋಗಿ, ಮತ್ತೆ 100. ಎರಡು ದಿನ 4026ಗಳನ್ನು ಒಂದೊಂದಾಗಿ ಬದಲಿಸಿದೆ. ಐಸಿಯದ್ದು ತಪ್ಪೇ ಅಲ್ಲ. 390ರ ಕೊನೆಯ ಔಟ್‌ಪುಟ್ ಎಂಟಕ್ಕೆ ಏರಿ ಹತ್ತಕ್ಕೆ ಇಳೀತದೆ, 4026 ಏರುವಾಗಲೇ ಎಣಿಸ್ತದೆ. ನಡುವೆ ಸಿಗ್ನಲನ್ನು ತಲೆಕೆಳಗು ಮಾಡುವ ಒಂದು ಇನ್ವರ್ಟರ್ ಹಾಕಿದ್ದೇ ಸರಿಯಾಯಿತು. ಈ ಬದಲಾಯಿಸುವ ಭರದಲ್ಲಿ ಒಂದನ್ನು ತಿರುಗಿಸಿ ಸಾಕೆಟ್‌ಗೆ ಒತ್ತಿ ಸುಟ್ಟೆ. ಬೆರಳಿಗೆ ಬಿಸಿ ತಾಗಿದ ಮೇಲೆಯೇ ಗೊತ್ತಾದದ್ದು.

ಆಮೇಲೆ ಅಂಕೆಗಳ ಕುಣಿತ. ಗೇಟ್ ತೆರೆದಿರುವಾಗ ಎಂಟು ಡಿಸ್‌ಪ್ಲೇಗಳು ಒಟ್ಟಿಗೆ ಓಡಿದರೆ ಗ್ರೌಂಡ್ ಲೈನೇ ಅಲುಗಾಡ್ತದೆ, ಇಲ್ಲದ ಎಣಿಕೆ ಸೇರ್ತದೆ. ಪ್ರತಿ ಐಸಿಯ ಕಾಲಿಗೂ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ದು ಅರ್ಧ ಮದ್ದು. ಇನ್ನರ್ಧ, ಎಣಿಸುವಾಗ ಡಿಸ್‌ಪ್ಲೇಯನ್ನೇ ಆರಿಸುವುದು. 4026ರಲ್ಲಿ ಅದಕ್ಕೊಂದು ಪಿನ್ ಉಂಟು, 4511ರಲ್ಲೂ ಬ್ಲ್ಯಾಂಕಿಂಗ್ ಉಂಟು. ನನ್ನ ಮಗ ಈಗಲೂ ಅದು ಕಪ್ಪಾದಾಗೆಲ್ಲ "ಅಪ್ಪಾ, ಹಾಳಾಯ್ತಾ?" ಅಂತಾನೆ.

ಗೆಳೆಯನಿಂದ 10 ಮೆಗಾಹರ್ಟ್ಸ್‌ನ ಆಸಿಲೇಟರ್ ತಂದೆ. ಅದನ್ನು ಚೀನಾದ ಬಿಪಿಎಂ ಸಮಯ ಸಂಕೇತಕ್ಕೆ 10 ಮೆಗಾಹರ್ಟ್ಸ್‌ನಲ್ಲೇ ಝೀರೋ ಬೀಟ್ ಮಾಡಿ (ಎರಡೂ ಒಂದೇ ಆಗುವ ಹಾಗೆ ಹೊಂದಿಸಿ), ಕೌಂಟರಿನ ಟ್ರಿಮ್ಮರ್ (ಕ್ರಿಸ್ಟಲಿನ ವೇಗ ಚೂರು ಹೊಂದಿಸುವ ಕೆಪಾಸಿಟರ್) ತಿರುಗಿಸಿ ತಿರುಗಿಸಿ 10000000 ಬರಿಸಿದೆ. ಒಂದು ವಾರ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆದರೆ ಮಧ್ಯಾಹ್ನ ನೋಡಿದರೆ ಮೂವತ್ತು ನಲವತ್ತು ಹರ್ಟ್ಸ್ ಹೆಚ್ಚು. ವಾಚ್ ಕ್ರಿಸ್ಟಲ್ ಸೆಕೆಗೆ ನಿಧಾನ ಆಗ್ತದೆ, ಗೇಟ್ ಉದ್ದ ಆಗ್ತದೆ. ಥರ್ಮಾಕೋಲ್ ಪೆಟ್ಟಿಗೆ ಮಾಡಿದೆ, ಅದರೊಳಗೆ ಇರುವೆ ಗೂಡು ಕಟ್ಟಿತು.

ಕೊನೆಗೆ ನಿಯೋ-6ಎಂ ಜಿಪಿಎಸ್ ಮಾಡ್ಯೂಲ್ ತರಿಸಿದೆ, ನಾನೂರರ ಆಸುಪಾಸು. ಸೆಕೆಂಡಿಗೊಂದು ಪಲ್ಸ್ ಪುಕ್ಕಟೆ, ಗೇಟ್‌ಗೆ ವಾಚ್ ಕ್ರಿಸ್ಟಲ್ ಬೇಡ. ಒಳಗಿಟ್ಟರೆ ಹತ್ತು ನಿಮಿಷವಾದರೂ ಫಿಕ್ಸ್ ಇಲ್ಲ (ಉಪಗ್ರಹ ಸಿಗುವುದಿಲ್ಲ), ಅಂಗಳದಲ್ಲಿಟ್ಟರೆ ಅರ್ಧ ನಿಮಿಷ. ಈಗ ಅಡಿಗೆಕೋಣೆಯ ಮಾಡಿನ ಗಾಜಿನ ಹಂಚಿನ ಕೆಳಗೆ ಕೂತಿದೆ. ಪಲ್ಸ್ 3.3 ವೋಲ್ಟಿನದ್ದು, 5 ವೋಲ್ಟಿನ ಸಿಮಾಸ್‌ಗೆ (4000 ಸರಣಿಯ ಐಸಿಗಳಿಗೆ) ನೇರ ಕೊಟ್ಟರೆ ಬೆಳಗ್ಗೆ ಓಡಿದ್ದು ಸಂಜೆ ಓಡುವುದಿಲ್ಲ. 74ಎಚ್‌ಸಿಟಿ14ರ ಎರಡು ಇನ್ವರ್ಟರ್ ಸಾಲಾಗಿ ಹಾಕಿ. ಎಚ್‌ಸಿಟಿಯೇ ಬೇಕು, ಎಚ್‌ಸಿ ಆಗದು.

ಇಷ್ಟು ಮಾಡಿ ಅದೇ ಆಸಿಲೇಟರ್ ಕೊಟ್ಟರೆ 9999930! ಗೆಳೆಯ ಫೋನಿನಲ್ಲಿ "ಇನ್ನೂರು ಮುನ್ನೂರು ರೂಪಾಯಿ ಮೇಲೆ ಹಾಕಿದ್ದರೆ ಚಂದದ್ದೇ ಸಿಗ್ತಿತ್ತು" ಅಂದ. ಉಪಗ್ರಹ ತಪ್ಪಲಿಕ್ಕಿಲ್ಲ, ಹಾಗಾದರೆ ಆಸಿಲೇಟರ್ ಜಾರಿತೋ ಅಂತ ಮತ್ತೆ ಬಿಪಿಎಂ ಹಿಡಿದು ನೋಡಿದೆ. ಜಾರಿಲ್ಲ. 1 ಮೆಗಾಹರ್ಟ್ಸ್ ಕೊಟ್ಟೆ: 999993. ಎಲ್ಲಿ ನೋಡಿದರೂ ಹತ್ತು ಲಕ್ಷಕ್ಕೆ ಏಳು ಕಡಿಮೆ. ಅಂದರೆ ಸುಮಾರು 7 ಮೈಕ್ರೋಸೆಕೆಂಡ್ ಎಲ್ಲೋ ಕಳವಾಗ್ತಾ ಉಂಟು. ರಾತ್ರಿ ಹನ್ನೊಂದಕ್ಕೆ ಸರ್ಕ್ಯೂಟ್ ಬರೆದ ಕಾಗದ ತೆಗೆದು ನೋಡಿದಾಗ ಕಣ್ಣಿಗೆ ಬಿದ್ದದ್ದು ರಿಸೆಟ್‌ನ (ಎಣಿಕೆಯನ್ನು ಸೊನ್ನೆಗೆ ತರುವ ದಾರಿಯ) 10 ಕೆ ರೆಸಿಸ್ಟರ್ ಮತ್ತು 1 ನ್ಯಾನೋಫ್ಯಾರಡ್ ಕೆಪಾಸಿಟರ್. ಗೇಟ್ ತೆರೆಯುವ ಕ್ಷಣದಲ್ಲೇ ಅದು ರಿಸೆಟ್ ಪಲ್ಸ್ ಹುಟ್ಟಿಸ್ತಿತ್ತು. ಆ ಪಲ್ಸ್ ಮುಗಿಯುವವರೆಗೆ ಬಂದ ಎಣಿಕೆ ಎಲ್ಲ ನುಂಗಿ ಹೋಗ್ತಿತ್ತು. ಮೊದಲಿನ ಕೌಂಟರಿನಲ್ಲೂ ಇದೇ ತಪ್ಪು ಇತ್ತು. ನಾನು ಟ್ರಿಮ್ಮರ್ ತಿರುಗಿಸಿ ಗೇಟನ್ನೇ ಅಷ್ಟು ಉದ್ದ ಮಾಡಿ ಅದನ್ನು ಮುಚ್ಚಿದ್ದೆ. ಜಿಪಿಎಸ್‌ಗೆ ಟ್ರಿಮ್ಮರ್ ಇಲ್ಲದ ಕಾರಣ ಬಯಲಾಯಿತು.

ಆ ರೆಸಿಸ್ಟರ್, ಕೆಪಾಸಿಟರ್ ಕಿತ್ತು ಹಾಕಿ 4017 ಕೂರಿಸಿದೆ, ಅದು ಪಲ್ಸ್ ಬಂದ ಹಾಗೆ ಔಟ್‌ಪುಟ್‌ಗಳನ್ನು ಒಂದಾದ ಮೇಲೊಂದು ಏರಿಸ್ತದೆ. ಮೊದಲ ಔಟ್‌ಪುಟ್ ಗೇಟ್‌ಗೆ, ನಡುವಿನ ಎರಡು ತೋರಿಸುವುದಕ್ಕೆ, ನಾಲ್ಕನೆಯದು ರಿಸೆಟ್‌ಗೆ, ಐದನೆಯದು 4017ರದ್ದೇ ರಿಸೆಟ್‌ಗೆ. ಈಗಲೂ ಎರಡು ಮೂರು ಕಡಿಮೆ! ಇದು ಹಿಡಿಯಲು ನಾಲ್ಕು ದಿನ. ಮೊದಲ ಔಟ್‌ಪುಟ್ ಏರುವುದು ರಿಸೆಟ್ ದಾರಿಯಿಂದ, ಇಳಿಯುವುದು ಕ್ಲಾಕ್ ದಾರಿಯಿಂದ. ಏರುವಾಗ ಕಾಲು ಮೈಕ್ರೋಸೆಕೆಂಡ್ ತಡ. ಮೊದಲನೆಯದಕ್ಕೆ ರಿಸೆಟ್ ಕೆಲಸ ಕೊಟ್ಟು ಗೇಟನ್ನು ಎರಡನೆಯದಕ್ಕೆ ವರ್ಗಾಯಿಸಿದೆ, ತೋರಿಸುವುದು ಆಮೇಲಿನ ಎರಡು. ನಾಲ್ಕು ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ, ನನಗೆ ಸಾಕು.

ಒಳಬರುವ ಸಿಗ್ನಲನ್ನು ದೊಡ್ಡದು ಮಾಡುವುದಕ್ಕೆ ಜೆ310 ಎಫ್‌ಇಟಿ, ಆಮೇಲೆ ಒಂದು ಟ್ರಾನ್ಸಿಸ್ಟರ್. ಪ್ರೋಬ್‌ಗೆ ಬೆರಳು ತಾಗಿಸಿದರೆ 50 (ಮನೆ ಕರೆಂಟಿನ ಹರ್ಟ್ಸ್), ಒಮ್ಮೊಮ್ಮೆ 49. ಬೆರಳು ತೆಗೆದರೆ ಸೊನ್ನೆ. ತೆಗೆದ ಮೇಲೂ ಏನಾದರೂ ಕುಣಿದರೆ ಆಂಪ್ಲಿಫೈಯರ್ ತಾನೇ ಆಸಿಲೇಟ್ ಆಗ್ತಾ ಉಂಟು ಅಂತ ಲೆಕ್ಕ. ಬಯಾಸ್ (ಟ್ರಾನ್ಸಿಸ್ಟರಿಗೆ ಮೊದಲೇ ಕೊಟ್ಟಿಡುವ ವೋಲ್ಟೇಜ್) ಎಷ್ಟಿಟ್ಟೆ ಅಂತ ಕೇಳಬೇಡಿ. ಎರಡು ವಾರ ನಿದ್ದೆಗೆಟ್ಟು ಸಿಕ್ಕಿದ್ದು. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಒಂದು ಸಿಡಿಲಿಗೆ ಮೊದಲ ಜೆ310 ಹೋಯಿತು, ಆಂಟೆನಾ ತೆಗೆಯದೆ ಇಟ್ಟದ್ದು ನನ್ನದೇ ಸೋಮಾರಿತನ.

ಖರ್ಚು ಸುಮಾರು 1,700. ಸುಟ್ಟದ್ದು, ಎಸೆದದ್ದು, ಮಂಗಳೂರಿಗೆ ಮೂರು ಬಾರಿ ಹೋದ ಬಸ್ಸಿನ ದುಡ್ಡು ಸೇರಿಸಿದರೆ ಎರಡೂವರೆ ಸಾವಿರ ದಾಟೀತು. ಮನೆಯಲ್ಲಿ ಹೇಳಿದ್ದು ಒಂಬೈನೂರು.

ಒಂದು ತಮಾಷೆ: ರಿಪೇರಿಗೆ ಬಂದ ಹಳೆ ರೇಡಿಯೋವನ್ನು ಮಂಗಳೂರು ಆಕಾಶವಾಣಿಯ 1089 ಕಿಲೋಹರ್ಟ್ಸ್‌ಗೆ ಹಿಡಿದು, ಕೌಂಟರಿಗೆ ಸಿಕ್ಕಿಸಿದ ಹತ್ತು ಸುತ್ತಿನ ಕಾಯಿಲ್ ಹತ್ತಿರ ಇಟ್ಟೆ. ರೇಡಿಯೋದೊಳಗಿನ ಆಸಿಲೇಟರ್ ಸ್ಟೇಷನಿಗಿಂತ 455 ಮೇಲೆ, 1544 ತೋರಿಸಬೇಕು, 1541 ಬಂತು. ಐಎಫ್ (ಆ ಅಂತರ) 455ರ ಬದಲು 452ರಲ್ಲಿ ಕೂತಿತ್ತು. ಪ್ರೋಬ್ ನೇರ ತಾಗಿಸಬೇಡಿ, ತಾಗಿಸಿದರೆ ಆಸಿಲೇಟರೇ ಸರೀತದೆ. ಇನ್ನೊಂದು: 10 ಮೆಗಾಹರ್ಟ್ಸ್ ಕ್ರಿಸ್ಟಲಿನ ಪಕ್ಕ ಬಿಸಿ ಚಾಯದ ಗ್ಲಾಸ್ ಇಟ್ಟು ನೋಡಿ. ನನ್ನದು ನಲವತ್ತು ಹರ್ಟ್ಸ್‌ನಷ್ಟು ಸರಿಯಿತು, ಚಾಯ ಆರಿದ ಹಾಗೆ ವಾಪಸ್ ಬಂತು.

2 ಮೀಟರ್ ಬ್ಯಾಂಡಿನ ದೊಡ್ಡ ಫ್ರೀಕ್ವೆನ್ಸಿಗಾಗಿ ಹಳೆ ಟಿವಿ ಟ್ಯೂನರಿನಿಂದ ಬಿಚ್ಚಿದ ಎಸ್‌ಎಬಿ6456 ಪ್ರಿಸ್ಕೇಲರ್ ಹಾಕಿ ನೋಡಿದ್ದೇನೆ, ಅದು ಫ್ರೀಕ್ವೆನ್ಸಿಯನ್ನು 64ರಿಂದ ಭಾಗಿಸ್ತದೆ. ಸಿಗ್ನಲ್ ಇದ್ದರೆ ಸರಿ, ಇಲ್ಲದಿದ್ದರೆ ತಾನೇ ಆಸಿಲೇಟ್ ಆಗಿ ಬಾಯಿಗೆ ಬಂದದ್ದು ಹೇಳ್ತದೆ. ಇನ್‌ಪುಟ್‌ಗೆ ರೆಸಿಸ್ಟರ್ ಹಾಕಿದರೆ ಸುಮ್ಮನಾಗ್ತದೆ, ಆದರೆ ದುರ್ಬಲ ಸಿಗ್ನಲ್ ಕೇಳುವುದಿಲ್ಲ. ಅದನ್ನು ಸದ್ಯ ಡಬ್ಬಿಗೆ ಹಾಕಿ ಇಟ್ಟಿದ್ದೇನೆ, ಮಳೆ ಬಿಡಲಿ.