ಅನುಮಾನ ಬಂದ ಮೇಲ್ ಮಾತ್ರ ಸ್ವಲ್ಪ ಹೊತ್ತು ಕಾಯಲಿ

ಸುಮಾರು ಮೂವತ್ತು ಜನ ಬಳಸುವ ಒಂದು ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಸ್ಪ್ಯಾಮ್ ಕಾಟ ಜಾಸ್ತಿಯಾದಾಗ ಮೇಲ್ ಸರ್ವರ್ ನಡೆಸುವ ಪೋಸ್ಟ್‌ಫಿಕ್ಸ್ ಅನ್ನುವ ಪ್ರೋಗ್ರಾಂ ಜೊತೆ, ಹೊಸಬರ ಮೇಲನ್ನು ಸ್ವಲ್ಪ ಕಾಯಿಸುವ ಪೋಸ್ಟ್‌ಗ್ರೇ ಹಾಕಿದೆ. ಕಳಿಸುವ ಸರ್ವರ್‌ನ ಐಪಿ (ಇಂಟರ್ನೆಟ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ), ಕಳಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ, ಈ ಮೂರೂ ಒಟ್ಟಿಗೆ ಮೊದಲ ಸಲ ಕಂಡರೆ ಅದು '450, ಆಮೇಲೆ ಬಾ' ಅನ್ನುತ್ತದೆ. 300 ಸೆಕೆಂಡ್ ಕಳೆದ ಮೇಲೆ ಮತ್ತೆ ಬಂದರೆ ಒಳಗೆ ಬಿಡುತ್ತದೆ. ಸರಿಯಾದ ಮೇಲ್ ಸರ್ವರ್ ಮೇಲನ್ನು ಕ್ಯೂನಲ್ಲಿಟ್ಟುಕೊಂಡು ಮತ್ತೆ ಕಳಿಸುತ್ತದೆ. ಸ್ಪ್ಯಾಮ್ ಸುರಿಯುವ ಎಷ್ಟೋ ಪ್ರೋಗ್ರಾಂಗಳಿಗೆ ಆ ತಾಳ್ಮೆ ಇಲ್ಲ. 2003ರಲ್ಲಿ ಇವಾನ್ ಹ್ಯಾರಿಸ್ ಇದಕ್ಕೆ ಗ್ರೇಲಿಸ್ಟಿಂಗ್ ಅಂತ ಹೆಸರಿಟ್ಟು ವಿವರಿಸಿದರು.

ಸ್ಪ್ಯಾಮ್ ಕಡಿಮೆಯಾಯಿತು, ದೂರುಗಳು ಶುರುವಾದವು. ಹತ್ತು ನಿಮಿಷಕ್ಕೆ ಸತ್ತುಹೋಗುವ ಓಟಿಪಿ ಇಪ್ಪತ್ತನೇ ನಿಮಿಷಕ್ಕೆ ಬಂದರೆ ಏನು ಪ್ರಯೋಜನ? ದೊಡ್ಡ ಕಂಪನಿಗಳ ಮೇಲ್ ಪ್ರತಿ ಸಲ ಬೇರೆ ಬೇರೆ ಐಪಿಯಿಂದ ಬರುತ್ತಿತ್ತು, ನಮ್ಮ ಸರ್ವರ್ ಪ್ರತಿ ಸಲವೂ ಹೊಸಬರು ಅಂತಲೇ ತಿಳಿಯುತ್ತಿತ್ತು. ಒಬ್ಬರ ಮೇಲ್ ಹೀಗೆ ಅರ್ಧ ದಿನ ಅಲೆದಾಡಿತು. ಎಲ್ಲರನ್ನೂ ಕಾಯಿಸಿದ್ದು ನನ್ನದೇ ತಪ್ಪು.

ಆಮೇಲೆ ಆರ್‌ಸ್ಪ್ಯಾಮ್‌ಡಿ ಅನ್ನುವ ಸ್ಪ್ಯಾಮ್ ತಡೆಯುವ ಪ್ರೋಗ್ರಾಂಗೆ ಬಂದೆ. ಅದು ಮೊದಲು ಇಡೀ ಮೇಲ್ ನೋಡಿ ಅಂಕ ಕೊಡುತ್ತದೆ, ಅನುಮಾನ ಹೆಚ್ಚಿದಷ್ಟೂ ಅಂಕ ಹೆಚ್ಚು. ಅದರಲ್ಲಿ ಮೊದಲೇ ಇರುವ ಲೆಕ್ಕದ ಪ್ರಕಾರ ಅಂಕ 4 ಮುಟ್ಟಿದರೆ ಕಾಯಿಸುತ್ತದೆ, 15 ಮುಟ್ಟಿದರೆ ತಿರಸ್ಕರಿಸುತ್ತದೆ. ನಾಲ್ಕಕ್ಕಿಂತ ಕಡಿಮೆಯಿದ್ದರೆ ತಡವೇ ಇಲ್ಲ. ಓಟಿಪಿ ದೂರು ಅಲ್ಲಿಗೆ ನಿಂತಿತು.

ಇದರ ನಿಜವಾದ ಬೆಲೆ ನನಗೆ ಗೊತ್ತಾಗಿದ್ದು ಒಂದು ದಿನ ಲಾಗ್ ಓದುವಾಗ. ಬೆಳಿಗ್ಗೆ 10:12ಕ್ಕೆ 'ಬಾಕಿ ಬಿಲ್' ಅಂತ ಒಂದು ಮೇಲ್ ಬಂದಿತ್ತು. ಅಂಕ 5.2. ಒಳಗೊಂದು ಲಿಂಕ್, ಅದರ ಡೊಮೇನ್ (ವೆಬ್‌ಸೈಟ್ ಹೆಸರು) ಹೊಚ್ಚ ಹೊಸದು, ಯಾವ ಬ್ಲಾಕ್‌ಲಿಸ್ಟ್‌ನಲ್ಲೂ (ಸ್ಪ್ಯಾಮ್‌ಗೆ ಸಿಕ್ಕಿಬಿದ್ದ ಐಪಿ, ಡೊಮೇನ್‌ಗಳ ಪಟ್ಟಿ) ಇರಲಿಲ್ಲ. ಆರ್‌ಸ್ಪ್ಯಾಮ್‌ಡಿ 451, ಅಂದರೆ ಅದೇ 'ಆಮೇಲೆ ಬಾ' ಉತ್ತರ, ಕೊಟ್ಟು ಕಳಿಸಿತ್ತು. 10:43ಕ್ಕೆ ಅದೇ ಮೇಲ್ ಮತ್ತೆ ಬಂತು, ಅಂದರೆ ಕಳಿಸಿದ್ದು ಸರಿಯಾಗಿ ಕ್ಯೂ ಇರುವ ಸರ್ವರೇ. ಪೋಸ್ಟ್‌ಗ್ರೇ ಒಂದೇ ಇದ್ದಿದ್ದರೆ ಸುಮ್ನೆ ಒಳಗೆ ಬಿಡುತ್ತಿತ್ತು, ಅಲ್ವಾ? ಆದರೆ ಆ ಅರ್ಧ ಗಂಟೆಯಲ್ಲಿ ಐಪಿ, ಡೊಮೇನ್ ಎರಡೂ ಬ್ಲಾಕ್‌ಲಿಸ್ಟ್ ಸೇರಿದ್ದವು. ಈ ಸಲ ಅಂಕ 17ರ ಮೇಲೆ ಹೋಗಿ ತಿರಸ್ಕೃತವಾಯಿತು. ಬೇರೆ ಯಾರೋ ಅದೇ ಸ್ಪ್ಯಾಮನ್ನು ನಮಗಿಂತ ಮೊದಲು ಪಡೆದಿದ್ದರಿಂದ ನಮ್ಮವರು ಉಳಿದುಕೊಂಡರು. ಮೋಸದ ಮೇಲ್ ಅತಿ ಅಪಾಯಕಾರಿ ಆಗಿರುವುದು ಹೊರಟ ಮೊದಲ ಕೆಲವು ನಿಮಿಷಗಳಲ್ಲೇ. ಆಗ ಅದರ ಬಗ್ಗೆ ಯಾರಿಗೂ ಏನೂ ಗೊತ್ತಿರುವುದಿಲ್ಲ.

ನೀವೂ ಮಾಡುವುದಾದರೆ ಬ್ಯಾಕಪ್ ಎಂಎಕ್ಸ್, ಅಂದರೆ ಮುಖ್ಯ ಸರ್ವರ್ ಮೇಲ್ ತೆಗೆದುಕೊಳ್ಳದಿದ್ದಾಗ ತೆಗೆದುಕೊಳ್ಳುವ ಎರಡನೇ ಸರ್ವರ್, ಇದ್ದರೆ ಅದನ್ನು ಮರೆಯಬೇಡಿ. ನಮ್ಮಲ್ಲಿ ಒಂದಿತ್ತು, ಅದಕ್ಕೆ ಯಾವ ತಪಾಸಣೆಯೂ ಇರಲಿಲ್ಲ. ಮುಖ್ಯ ಸರ್ವರ್ ಆಮೇಲೆ ಬಾ ಅಂದಾಗ ಸ್ಪ್ಯಾಮ್ ಆ ಬಾಗಿಲಿಂದ ಒಳಗೆ ಬರುತ್ತಿತ್ತು. ಬ್ಯಾಕಪ್ ನಮ್ಮದೇ ಆದ್ದರಿಂದ ಮುಖ್ಯ ಸರ್ವರ್ ಅದನ್ನು ನಂಬುತ್ತಿತ್ತು. ನಾನು ಕೊನೆಗೆ ಬ್ಯಾಕಪ್ ತೆಗೆದೇಬಿಟ್ಟೆ. ಮುಖ್ಯ ಸರ್ವರ್ ಕೆಲವು ಗಂಟೆ ನಿಂತುಹೋದರೂ ಕಳಿಸುವವರ ಕ್ಯೂನಲ್ಲಿ ಮೇಲ್ ಸಾಮಾನ್ಯವಾಗಿ ನಾಲ್ಕೈದು ದಿನ ಕಾದಿರುತ್ತದೆ.